ಅದಲುಬದಲಾದ ತೋಳುಗಳು

"ನಾನು ಹೊಲಿದದ್ದನ್ನ ಯಾಕೆ ಬಿಚ್ತಾ ಇದ್ದೀರಿ?"

ಊಟದ ಬಿಡುವಿನಲ್ಲಿ ಹೊಲಿಗೆ ಕೋಣೆ ಖಾಲಿಯಾಗಿತ್ತು. ಇಸ್ತ್ರಿಯವನೊಬ್ಬನೇ ಕಿಟಕಿಯ ಬಳಿ ಕೂತು, ಅವಳು ಹೊಲಿದ ಕೋಟಿನ ತೋಳನ್ನು ಕತ್ತರಿಯಿಂದ ಬಿಚ್ಚುತ್ತಿದ್ದ. ಗಾಬರಿಗೆ ಅವನ ಹಣೆಯ ಮೇಲಿದ್ದ ಕನ್ನಡಕ ಮೂಗಿಗೆ ಜಾರಿತು.

"ಅದು... ಇಲ್ಲಿ ಸ್ವಲ್ಪ..." ಅಂದ.

ಕೆಟ್ಟ ಹೊಲಿಗೆ ಕಂಡರೆ ಮೇಲ್ವಿಚಾರಕಿ ಆ ಬಟ್ಟೆಗೆ ಕೆಂಪು ದಾರ ಕಟ್ಟುತ್ತಿದ್ದರು. ಒಂದೇ ತಿಂಗಳಲ್ಲಿ ಮೂರು ದಾರ ಬಿದ್ದರೆ ಕೆಲಸ ಹೋದ ಹಾಗೆಯೇ. ಈ ತಿಂಗಳು ಅವಳಿಗೆ ಆಗಲೇ ಎರಡು ಬಿದ್ದಿದ್ದವು.

ಓಹೋ... ಇದೆಲ್ಲ ಇವನ ಕೈವಾಡ!

ಅಮ್ಮ ತೀರಿಕೊಂಡು ಎರಡು ತಿಂಗಳಾಗಿತ್ತು. ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಇನ್ನೊಂದು ದನಿಯಿಲ್ಲ. ಚರ್ಚಿನ ಬೆಂಚಿನಲ್ಲಿ ಅಮ್ಮ ಕೂರುತ್ತಿದ್ದ ಜಾಗ ನೋಡಲಾಗದೆ ಅಲ್ಲಿಗೆ ಹೋಗುವುದನ್ನೂ ಬಿಟ್ಟಿದ್ದಳು. ಅವಳನ್ನು ಮಾತನಾಡಿಸುವವರು ಇದ್ದದ್ದು ಈ ಕೋಣೆಯಲ್ಲಿ ಮಾತ್ರ. ಇದೂ ಕೈತಪ್ಪಿದರೆ...?

ಇಸ್ತ್ರಿಯವನು ದಿನಾ ಬೆಳಿಗ್ಗೆ ಒಬ್ಬೊಬ್ಬರ ಮೇಜಿನ ಹತ್ತಿರ ನಿಂತು ಒಂದು ಒಳ್ಳೆಯ ಮಾತು ಹೇಳಿ ಹೋಗುತ್ತಿದ್ದ. "ನಿಮ್ಮ ಕಾಲರ್ ಎಷ್ಟು ಚೆನ್ನಾಗಿ ಕೂತಿತ್ತು ಗೊತ್ತಾ?" ಎಂದು ನಿನ್ನೆ ಅವಳಿಗೂ ಹೇಳಿದ್ದ. ಅದನ್ನು ನಂಬಿ ಇಡೀ ದಿನ ಖುಷಿಯಾಗಿದ್ದಳಲ್ಲ, ಪೆದ್ದಿ!

ನೇರವಾಗಿ ಹೋಗಿ ಮೇಲ್ವಿಚಾರಕಿಗೆ ದೂರು ಕೊಟ್ಟಳು.

"ಬಿಚ್ಚಿದ್ದು ನಿಜವೇನಪ್ಪ?" ಇಸ್ತ್ರಿಯವನನ್ನು ಕರೆಸಿ ಅವರು ಕೇಳಿದರು.

"ನಿಜ ಮೇಡಂ. ಅವರನ್ನ ಕೇಳದೆ ಮುಟ್ಟಿದ್ದು ನನ್ನ ತಪ್ಪು." ಅಷ್ಟು ಬಿಟ್ಟರೆ ಅವನು ಬಾಯಿ ಬಿಡಲಿಲ್ಲ. ಅವತ್ತೇ ಅವನನ್ನು ನೆಲಮಾಳಿಗೆಗೆ, ಹಾಸಿಗೆ ಬಟ್ಟೆಗಳ ಇಸ್ತ್ರಿಗೆ ಕಳಿಸಿದರು.

ಮರುದಿನ ಬೆಳಿಗ್ಗೆ ಯಾರ ಮೇಜಿನ ಹತ್ತಿರವೂ ಯಾರೂ ನಿಲ್ಲಲಿಲ್ಲ.

"ಈಗ ಸಮಾಧಾನ ಆಯ್ತಾ?" ಗುಂಡಿ ಅಕ್ಕ ಆ ಕೋಟನ್ನು ತಂದು ಅವಳ ಮುಂದೆ ಹಾಕಿದರು. ವರ್ಷಗಟ್ಟಲೆ ಗುಂಡಿ ಹೊಲಿದು ಹೊಲಿದು ಅವರಿಗೆ ಅದೇ ಹೆಸರಾಗಿತ್ತು. "ಅವನು ಬಿಚ್ಚದೆ ಬಿಟ್ಟ ತೋಳು ನೋಡು. ಎಡಗಡೆದು ಬಲಕ್ಕೆ ಕೂರಿಸಿದ್ದೀಯ. ಇದನ್ನ ಹಾಕಿಕೊಂಡವನು ಹಿಂದುಹಿಂದಕ್ಕೆ ನಡೀಬೇಕು ಅಷ್ಟೇ."

ಅವಳು ನೋಡಿದಳು. ನಿಜ.

"ಎರಡು ತಿಂಗಳಿಂದ ಹೀಗೇ ಮಾಡ್ತಿದ್ದೀಯ. ಇಸ್ತ್ರಿಗೆ ಬಂದಾಗ ಅವನು ಊಟ ಬಿಟ್ಟು ಸರಿ ಮಾಡ್ತಿದ್ದ. ನಿನಗೆ ಕೆಂಪು ದಾರ ಬಿದ್ದಿದ್ದು ಯಾವತ್ತು ಹೇಳು? ಅವನು ಜ್ವರ ಬಂದು ಮಲಗಿದ್ದ ಎರಡು ದಿನ."

"ನನಗ್ಯಾಕೆ ಹೇಳಲಿಲ್ಲ ಅಕ್ಕ?"

"ಅಮ್ಮನ್ನ ಕಳಕೊಂಡವಳಿಗೆ ತಪ್ಪು ಬೇರೆ ಎತ್ತಿ ತೋರಿಸಬೇಕಾ ಅಂದ. ನನ್ನ ಕೈ ಮುರಿದಾಗ ನನ್ನ ಗುಂಡಿಗಳನ್ನೂ ಅವನೇ ಹೊಲಿದ. ಯಾಕೋ ಇಷ್ಟೊಂದು ಕಷ್ಟಪಡ್ತೀಯ ಅಂದ್ರೆ, ಯೇಸು ಸ್ವಾಮಿ ಶಿಷ್ಯರ ಕಾಲು ತೊಳೆದರು, ನನಗೆ ನಾಲ್ಕು ಗುಂಡಿ ಹೊಲಿಯೋಕಾಗಲ್ವಾ ಅಂತಾನೆ."

ಅವಳಿಗೆ ಅಳು ಉಕ್ಕಿ ಬಂತು. ಕೆಲಸ ಹೋದರೆ ಹೋಗಲಿ ಎಂದು ಕೋಟನ್ನು ಒಯ್ದು ಮೇಲ್ವಿಚಾರಕಿಯ ಮುಂದೆ ಹರಡಿದಳು. "ತಪ್ಪು ನನ್ನದು ಮೇಡಂ. ಮೂರನೇ ದಾರ ಕಟ್ಟಿಬಿಡಿ."

ಅವರು ತೋಳನ್ನು ತಿರುಗಿಸಿ ನೋಡಿ ಕೆಂಪು ದಾರ ಕಟ್ಟಿದರು. ಆಮೇಲೆ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು.

"ಇವತ್ತು ಒಂದನೇ ತಾರೀಕು. ಇದು ಈ ತಿಂಗಳ ಮೊದಲನೇದು. ಹೋಗು, ಅವನನ್ನ ಕರ್ಕೊಂಡು ಬಾ."

ಅಷ್ಟರಲ್ಲಿ ಊಟದ ಬಿಡುವಾಗಿತ್ತು; ಅವಳು ತನ್ನ ಡಬ್ಬಿ ಹಿಡಿದು ಕೆಳಗಿಳಿದಳು. ನೆಲಮಾಳಿಗೆಗೆ ಕಿಟಕಿಯಿರಲಿಲ್ಲ. ರಾಶಿ ಬಿದ್ದ ಬಿಳಿ ಬಟ್ಟೆಗಳ ನಡುವೆ ಅವನೊಬ್ಬನೇ ನಿಂತಿದ್ದ. ಇವನೂ ನನ್ನ ಹಾಗೆ ಒಂಟಿಯೇ... ಎಂದು ಅವಳಿಗೆ ಮೊದಲ ಸಲ ಅನ್ನಿಸಿತು.

"ನನ್ನನ್ನ ಕ್ಷಮಿಸಿ. ಮೇಲೆ ಕರೀತಿದ್ದಾರೆ. ಮೊದಲು ಊಟ ಮಾಡಿ," ಎಂದು ಡಬ್ಬಿ ತೆರೆದಳು.

"ನಿಮಗೆ?"

"ಇಬ್ಬರಿಗೂ ಆಗುತ್ತೆ." ಊಟ ಹಂಚುತ್ತಾ ಮೆಲ್ಲಗೆ ಕೇಳಿದಳು, "ಎಲ್ಲರಿಗೂ ಹೀಗೇ ಮಾಡಿಕೊಡ್ತೀರಂತೆ?"

"ಹೂಂ."

ಎಲ್ಲರಲ್ಲಿ ನಾನೂ ಒಬ್ಬಳು... ಅಷ್ಟೇನಾ?

"ಬೇರೆಯವರದ್ದು ಹತ್ತು ನಿಮಿಷಕ್ಕೆ ಮುಗಿಯುತ್ತೆ. ನಿಮ್ಮದಕ್ಕೆ ಮಾತ್ರ ಪೂರ್ತಿ ಬಿಡುವು ಬೇಕಾಗ್ತಿತ್ತು," ಅಂದ.

"ಅಷ್ಟು ಕೆಟ್ಟದಾಗಿತ್ತಾ?"

"ಇಲ್ಲ... ಬೇಗ ಮುಗಿಸೋಕೆ ಮನಸ್ಸು ಬರ್ತಿರಲಿಲ್ಲ."

ಅವಳು ತಲೆ ತಗ್ಗಿಸಿದಳು. ಡಬ್ಬಿಯ ಮುಚ್ಚಳವನ್ನು ಸುಮ್ಮನೆ ತಿರುಗಿಸುತ್ತಾ ಕೂತಳು.

"ಈ ಭಾನುವಾರ ನಾನು ಚರ್ಚಿಗೆ ಹೋಗ್ತೀನಿ. ಬೆಂಚಿನಲ್ಲಿ ನನ್ನ ಪಕ್ಕ ಅಮ್ಮನ ಜಾಗ ಖಾಲಿ ಇದೆ. ನೀವು ಕೂರ್ತೀರಾ?"

ಅವನ ಕಣ್ಣು ತುಂಬಿತು. ಕನ್ನಡಕ ತೆಗೆದು ಒರೆಸಿಕೊಂಡ.

"ಯಾವ ಪಕ್ಕ? ಎಡಕ್ಕಾ, ಬಲಕ್ಕಾ?"

"ನನಗೆ ಎಡ ಬಲ ತಿಳಿಯಲ್ಲ," ಅಂದಳು. "ನೀವೇ ನೋಡಿಕೊಳ್ಳಿ."