ಬೊಂಬಾಯಿ ಎಂಬ ಅಡ್ಡಹೆಸರಿನವನು

"ಸರ್‌ನೇಮ್ ಬೋಲೋ," ಎಂದಳು ಶೀತಲ, ತಲೆ ಎತ್ತದೆ.

"ಬೊಂಬಾಯಿ."

"ಶಹರ್ ನಹೀ ಪೂಛಾ. ಸರ್‌ನೇಮ್."

"ವಹೀ ಹೈ, ಮೇಡಂ."

ಮುಂಬೈ ಫೋರ್ಟ್‌ನ ಆ ಹಳೆಯ ಬಿಲ್ಡಿಂಗಿನ ರಿಸೆಪ್ಶನ್ ಮುಂದೆ ನಿಂತಿದ್ದವರು, ಅವನು ಊರಿನ ಹೆಸರನ್ನೇ ಅಡ್ಡಹೆಸರೆಂದದ್ದಕ್ಕೆ ನಕ್ಕರು. ಲಿಫ್ಟ್ ರಿಪೇರಿಗೆ ಬಂದವನು ತನ್ನನ್ನು ಗೇಲಿ ಮಾಡುತ್ತಿದ್ದಾನೆಂದು ಶೀತಲಳ ಮುಖ ಕೆಂಪಾಯಿತು.

"ಹುಚ್ಚ ಅದಾನೇನ ಇಂವ," ಎಂದು ಗೊಣಗಿದಳು.

"ಹುಚ್ಚ ಅಲ್ಲರಿ. ಈಶ್ವರ ಬೊಂಬಾಯಿ, ವಿಜಯಪುರದ ಕಡೆಯಾಂವ." ಅವನ ಕಣ್ಣು ಅವಳ ಬ್ಯಾಡ್ಜಿನ ಮೇಲೆ ನಿಂತಿತು. "ನೀವು ಬಿಜಾಪುರೆ... ನಮ್ಮ ಕಡೆಯವರ ಅದೀರಲ್ಲ?"

ಶೀತಲ ಅವನ ಹೆಸರು ಬರೆದುಕೊಂಡಳು. ಬಿಜಾಪುರವನ್ನು ಅವಳು ಕಂಡೇ ಇರಲಿಲ್ಲ. ಅಜ್ಜ ಅಲ್ಲಿಂದ ಧಾರಾವಿಗೆ ಬಂದಾಗ ಅಕ್ಕಪಕ್ಕದ ಮರಾಠಿ ಜನ ಊರ ಹೆಸರಿನಿಂದಲೇ 'ಬಿಜಾಪುರೆ' ಎಂದು ಕರೆದರು. ಅದೇ ಮನೆತನದ ಹೆಸರಾಯಿತು.

ಲಿಫ್ಟ್ ಮತ್ತೆ ಮತ್ತೆ ಕೆಟ್ಟಿತು. ಅವನೂ ಮತ್ತೆ ಮತ್ತೆ ಬಂದ. ಮಳೆಗಾಲ ಮುಗಿಯುವ ಹೊತ್ತಿಗೆ ಇಬ್ಬರೂ ಉಡುಪಿ ಹೋಟೆಲಿನಲ್ಲಿ ಎದುರುಬದುರು ಕೂತು ಚಹಾ ಕುಡಿಯುವಷ್ಟು ಸಲುಗೆ ಬೆಳೆದಿತ್ತು.

"ನಮ್ಮೂರಾಗ ಒಂದು ಓಣಿ ಪೂರ್ತಿ ಬೊಂಬಾಯಿ ಮಂದಿ. ನಿಮ್ಮ ಹೆಸರಿನವರು ಒಬ್ಬರೂ ಇಲ್ಲ," ಎಂದ ಈಶ್ವರ.

"ಯಾಕ?"

"ಊರಾಗ ಇದ್ದವರನ್ನ ಊರ ಹೆಸರಿಂದ ಯಾರು ಕರೀತಾರ?"

"ಮತ್ತ ನಿಮಗ ಈ ಹೆಸರು ಯಾರು ಇಟ್ರು?"

ಅವನ ನಗು ಅಲ್ಲೇ ನಿಂತಿತು. "ಮುತ್ತಜ್ಜ ಇಲ್ಲಿ ಬಟ್ಟಿ ಗಿರಣ್ಯಾಗ ಕೆಲಸಕ್ಕಿದ್ದ," ಎಂದಷ್ಟೇ ಹೇಳಿ ಮಾತು ತಿರುಗಿಸಿದ. "ಶೀತಲ, ನಿಮ್ಮ ಅಪ್ಪಾರನ್ನ ಕಂಡು ನಮ್ಮ ಮದುವಿ ಮಾತಾಡ್ಲೇನು?"

ಅವಳು ಕಣ್ಣಲ್ಲೇ ಹೂಂ ಎಂದಳು.

ಮರುದಿನ ಈಶ್ವರ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನ್ ಸ್ವಿಚ್ ಆಫ್. ಬದಲಿಗೆ ಬಂದ ಮೆಕ್ಯಾನಿಕ್, "ಗಾಂವ್ ಗಯಾ," ಎಂದ.

ಊರಿಗೆ? ಹೇಳದೆ?

ಶೀತಲಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಕತ್ತು ಹೊರಳುತ್ತಿತ್ತು. ಲೋಕಲ್‌ನಲ್ಲಿ ತನ್ನ ಸ್ಟೇಷನ್ ದಾಟಿ ಹೋದದ್ದೂ ತಿಳಿಯಲಿಲ್ಲ. 'ಆಕ್ಸಿಡೆಂಟ್ ಆಯ್ತೇನೋ... ಇಲ್ಲಾ ನಾನೇ ಬೇಡವಾದೆನೋ...'

ಕೊನೆಗೆ ತಂದೆ ಸಿದ್ದಲಿಂಗಪ್ಪನಿಗೆ ಎಲ್ಲವನ್ನೂ ಹೇಳಿದಳು. ಅವರು ಹೊಲಿಗೆ ಮಿಷನ್ ನಿಲ್ಲಿಸಿದರು.

"ಬೊಂಬಾಯಿ ಮನಿತನ ಅಂದ್ಯಾ? ನಾ ಕೇಳೀನಿ ಅವರದು. ಅವರ ಹಿರ್ಯಾ ಇಲ್ಲೇ ಮುಂಬೈ ಪರೇಲದಾಗ ಒಬ್ಬಾಕಿನ್ನ ಮದುವಿಯಾಗಿ, ಕೂಸಾದ ಮ್ಯಾಲ ಆಕಿನ್ನ ಬಿಟ್ಟು ಊರಿಗೆ ಹ್ವಾದ. ತಿರುಗಿ ಬರಲಿಲ್ಲ. ಅದಕ್ಕ ಊರ ಮಂದಿ ಹಂಗಿಸಾಕ ಇಟ್ಟ ಹೆಸರದು. ಮರತಬಿಡವ್ವ."

ಮರೆಯುವುದೇ? ಒಂದು ಗಳಿಗೆ ಅವನ ನಂಬರ್ ಅಳಿಸುತ್ತಿದ್ದಳು, ಮರುಗಳಿಗೆ ಅದಕ್ಕೇ ಕರೆ ಮಾಡುತ್ತಿದ್ದಳು.

ಭಾನುವಾರ ಮಧ್ಯಾಹ್ನ ಅವರ ಮನೆಯಿದ್ದ ಚಾಳದ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಬಾಗಿಲಲ್ಲಿ ಈಶ್ವರ. ಅವನ ಹಿಂದೆ ಏದುಸಿರು ಬಿಡುತ್ತಾ ಇಳಕಲ್ ಸೀರೆಯ ಹೆಂಗಸು, ಅವನ ತಾಯಿ ಮಲ್ಲವ್ವ.

"ನಿಮ್ಮ ಮುತ್ತಜ್ಜಂದು... ಖರೇನಾ?" ಶೀತಲ ಬಾಗಿಲಿಗೇ ಬಂದು ಕೇಳಿದಳು.

"ಖರೇ," ಎಂದ ಈಶ್ವರ.

"ಆ ಪರೇಲದಾಕಿ ಹೆಸರೇನಿತ್ತು?"

ಅವನು ತಾಯಿಯ ಕಡೆ ತಿರುಗಿದ. ಉತ್ತರ ಮಲ್ಲವ್ವನಿಂದ ಬಂತು. "ಆಕಿ ಹೆಸರ ನಮ್ಮ ಮನ್ಯಾಗ ಯಾರಿಗೂ ಗೊತ್ತಿಲ್ಲ ತಂಗಿ. ಮುಂಬೈ ಸಂಬಂಧ ಅಂದಕೂಡ್ಲೇ ನಾ ಹೆದರಿ ಬ್ಯಾಡ ಅಂದೆ. ಇಂವ ಊಟ ಬಿಟ್ಟು ಕುಂತ. ಆಮ್ಯಾಲ ತಿಳೀತು... ಇಲ್ಲಿ ಇನ್ನೊಬ್ಬಾಕಿ ಆಕಿ ಹಂಗ ಕಾಯಬಾರದು ಅಂತ ನಾನ ಬಂದೆ."

ಸಿದ್ದಲಿಂಗಪ್ಪ ಚಾಪೆ ಹಾಸಿ, ಆಕೆಗೆ ನೀರು ಕೊಟ್ಟರು.

ಶೀತಲ ಹೊರಗಿನ ಗ್ಯಾಲರಿಗೆ ಬಂದಳು. ಈಶ್ವರ ಹಿಂಬಾಲಿಸಿದ.

"ಫೋನ್ ಯಾಕ ಬಂದ್ ಮಾಡಿದ್ರಿ?"

"ಅವ್ವ ಒಪ್ಪೋತನಾ ಏನಂತ ಹೇಳ್ಲಿ?"

"ಒಪ್ಪಿಲ್ಲ ಅಂತ ಹೇಳ್ಬೇಕಿತ್ತು. ಅಷ್ಟು ಹೇಳಿದ್ರೂ ನಾನು ಕಾಯ್ತಿದ್ದೆ..." ಅವಳ ಕಣ್ಣು ತುಂಬಿತು. "ಹೇಳದಿದ್ರೂ ಕಾದೆ."

"ತಪ್ಪಾತು, ಶೀತಲ." ಅವನ ಕೈ ಮೆಲ್ಲಗೆ ಅವಳ ಕೈ ಹಿಡಿಯಿತು. "ನೀನಂದ್ರ ನನಗ ಜೀವ. ಇನ್ನ ಎಲ್ಲಿಗೆ ಹೋದ್ರೂ ಹೇಳಿ ಹೋಗ್ತೀನಿ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಹೇಳಿ ಹೋಗೋದು ಬ್ಯಾಡ," ಎಂದಳು. "ಕರಕೊಂಡು ಹೋಗ್ರಿ."