ಇನ್ನೂರ ಹನ್ನೆರಡನೇ ಪುಟ

"ಈ ಹಸುಗೆ ಕೆಚ್ಚಲು ಬಾವು ಬಂದದೆ."

ನನ್ನನ್ನು ನೋಡಲು ಬಂದ ಹುಡುಗ ನನ್ನೊಡನೆ ಆಡಿದ ಮೊದಲ ಮಾತು ಇದು. ಗಂಜಾಂನ ನಮ್ಮ ಮನೆಯ ತಾರಸಿಯಲ್ಲಿ, ಒಣಗಲು ಹಾಕಿದ್ದ ಹುರುಳಿಯ ಪಕ್ಕ, ಹತ್ತು ನಿಮಿಷ ಮಾತಾಡಿಕೊಳ್ಳಿ ಅಂತ ಇಬ್ಬರನ್ನೂ ಬಿಟ್ಟಿದ್ದರು. ನನ್ನ ಕೈಯಲ್ಲೊಂದು ಇಂಗ್ಲಿಷ್ ಕಾದಂಬರಿ ಇತ್ತು. ರಟ್ಟಿನ ಮೇಲೆ ಬಿಳಿ ಟೋಪಿ ಹಾಕಿಕೊಂಡ ಹುಡುಗಿ, ಅವಳ ಹಿಂದೆ ಕೊಟ್ಟಿಗೆ, ಮೂಲೆಯಲ್ಲಿ ಒಂದು ಹಸು. ಆ ಪುಸ್ತಕವನ್ನು ನಾನು ನಾಲ್ಕು ಸಲ ಓದಿದ್ದೆ. ಹಸು ಇದೆ ಅನ್ನೋದೇ ಗೊತ್ತಿರಲಿಲ್ಲ.

"ಹುಡುಗಿ ಹೇಗಿದ್ದಾಳೆ?" ಅಂದೆ.

"ಯಾವ್ ಹುಡ್ಗಿ?"

"ರಟ್ಟಿನ ಮೇಲಿರೋಳು."

ಅವನು ಪುಸ್ತಕ ನೋಡಿದ. ಆಮೇಲೆ ನನ್ನ ಮುಖ ನೋಡಿದ. "ಚೆನ್ನಾಗವ್ರೆ. ಬಿಸಿಲಿಗೆ ಕಣ್ಣು ಕಿರಿದು ಮಾಡ್ಕಂಡವ್ರೆ."

ರಟ್ಟಿನ ಮೇಲಿನ ಹುಡುಗಿ ಕಣ್ಣರಳಿಸಿಕೊಂಡಿದ್ದಳು. ಕಣ್ಣು ಕಿರಿದು ಮಾಡಿಕೊಂಡಿದ್ದವಳು ನಾನು.

ಅಷ್ಟು ಹೇಳಿದವನು ನೆಟ್ಟಗಿದ್ದಿದ್ದರೆ ಮುಂದಿನ ಮೂರು ವಾರದ ಸಂಕಟ ಯಾರಿಗೂ ಇರುತ್ತಿರಲಿಲ್ಲ. "ಈ ಪುಸ್ತಕ ಕೊಡ್ತೀರಾ? ಓದ್ಬುಟ್ಟು ಕೊಡ್ತೀನಿ" ಅಂದ. "ನಾಲ್ಕು ಸಲ ಓದಿರೋ ಪುಸ್ತಕ, ಜೋಪಾನ" ಅಂತ ಕೊಟ್ಟೆ.

ನನ್ನ ಹೆಸರು ಸಹನ. ಹೆಸರಿಟ್ಟವರು ನನ್ನ ಅಪ್ಪ, ಹುಟ್ಟಿದ ಹನ್ನೊಂದನೇ ದಿನಕ್ಕೆ, ಇನ್ನೂ ನನ್ನ ಗುಣ ಗೊತ್ತಾಗುವ ಮೊದಲು. ಪಾಂಡವಪುರದ ಆಸ್ಪತ್ರೆಯಲ್ಲಿ ನಾನು ನರ್ಸು. ಈ ಪುಸ್ತಕಗಳ ಹುಚ್ಚು ಹಿಡಿಸಿದವರು ನನಗಿಂತ ಮೊದಲು ಅದೇ ವಾರ್ಡಿನಲ್ಲಿದ್ದ, ಪಾಲಹಳ್ಳಿಯ ಆರೋಗ್ಯಮ್ಮ ಸಿಸ್ಟರ್. ಅವರ ಟ್ರಂಕಿನ ತುಂಬ ಕ್ರಿಶ್ಚಿಯನ್ ಕಾದಂಬರಿಗಳು. ಅರ್ಧ ಭಾಗ ಅಮೆರಿಕದ ಹಳ್ಳಿಯೊಂದರ ಕಥೆ. ಕರೆಂಟು ಬೇಡ, ಕಾರು ಬೇಡ ಅಂತ ಕುದುರೆ ಗಾಡಿಯಲ್ಲೇ ಓಡಾಡುವ ಸಾದಾ ಜನ. ಹುಡುಗ ಹುಡುಗಿಯ ಬೆರಳು ಮುಟ್ಟಬೇಕಾದರೆ ನೂರೈವತ್ತು ಪುಟ ಆಗಬೇಕು. ಇನ್ನರ್ಧ ಸಸ್ಪೆನ್ಸು. ಕೊಲೆ ನೋಡಿಬಿಟ್ಟ ಹೆಣ್ಣು, ಅವಳನ್ನು ಕಾಯುವ ಪೊಲೀಸು, ಮೂರನೇ ಅಧ್ಯಾಯಕ್ಕೆ ಬಾಗಿಲ ಹಿಡಿ ತಾನಾಗಿ ತಿರುಗುತ್ತದೆ. ಎರಡರಲ್ಲೂ ಕೊನೆಗೆ ಯಾರೋ ಯಾರನ್ನೋ ಕ್ಷಮಿಸುತ್ತಾರೆ. ದಿನವೆಲ್ಲ ಗಾಯ, ಜ್ವರ, ಜಗಳ ನೋಡಿ ಬಸ್ಸು ಹತ್ತುವವಳಿಗೆ ಅದಕ್ಕಿಂತ ದೊಡ್ಡ ಔಷಧಿ ಇಲ್ಲ.

ನನ್ನಮ್ಮ ಮಂಗಳಮ್ಮನಿಗೂ ಸಂಜೆ ಅವರೆಕಾಯಿ ಸುಲಿಯುವಾಗ ಕಥೆ ಹೇಳಬೇಕು. ಪ್ರತಿ ಶುಕ್ರವಾರ ನಿಮಿಷಾಂಬೆಗೆ ಹೋಗಿ ಬರುವವಳು. ಆ ಜನ ಯಾವ ದೇವರಿಗೆ ಕೈ ಮುಗಿಯುತ್ತಾರೆ ಅಂತ ಒಂದು ದಿನ ವಿವರಿಸಹೋದರೆ, "ಅದು ಅವ್ರಿಷ್ಟ ಬುಡು. ಆ ಹೆಣ್ಣಿಗೆ ಮದ್ವೆ ಆಯ್ತದೋ ಇಲ್ವೋ ಅದ್ನೇಳು" ಅಂದಳು.

ಹುಡುಗನ ಹೆಸರು ರವೀಂದ್ರ. ಕ್ಯಾತನಹಳ್ಳಿ. ಹನ್ನೆರಡು ಹಸು, ಕಬ್ಬು, ಅಪ್ಪ ಚಿಕ್ಕಸ್ವಾಮಿಯವರ ಜೊತೆ ಒಂದು ಆಲೆಮನೆ. ಹತ್ತು ದಿನಕ್ಕೆ ಪಾಂಡವಪುರ ಬಸ್ ಸ್ಟಾಂಡಿಗೆ ಬಂದು ಪುಸ್ತಕ ವಾಪಸ್ ಕೊಟ್ಟ. ಮೊಬೈಲಿನಲ್ಲಿ ಅರ್ಥ ನೋಡಿಕೊಂಡು ಓದಿದ್ದಂತೆ. ನನ್ನೆದೆ ಸ್ವಲ್ಪ ಜೋರಾಗಿಯೇ ಹೊಡೆದುಕೊಂಡಿತು. ನನಗೋಸ್ಕರ ಒಬ್ಬ ಗಂಡಸು ಇನ್ನೂರ ಅರವತ್ತು ಪುಟ ಓದಿದ್ದಾನೆ ಅಂತ.

"ಪೆನ್ಸಿಲ್ನಲ್ಲಿ ಒಂದಷ್ಟು ಬರ್ದಿವ್ನಿ. ನೋಡಿ" ಅಂದ. ಕಿವಿ ಕೆಂಪಗಾಗಿತ್ತು.

ಬಸ್ಸಿನಲ್ಲಿ ಕೂತವಳೇ ತೆಗೆದೆ. ಹದಿನಾಲ್ಕನೇ ಪುಟದಲ್ಲಿ, ನಾಯಕ ಮೊದಲ ಸಲ ಅವಳನ್ನು ಕಾಣುವ ಕಡೆ: 'ಮೂವತ್ತು ಹಸು, ಇಬ್ಬರೇ ಕೈಯಲ್ಲಿ ಕರೆಯುವುದು. ಬೆಳಿಗ್ಗೆ ಆರಕ್ಕೆ ಮುಗಿಯುವುದಿಲ್ಲ.' ಇಪ್ಪತ್ತೆರಡರಲ್ಲಿ, ಇಬ್ಬರೂ ತೊರೆಯ ದಂಡೆಯಲ್ಲಿ ನಡೆಯುವಾಗ: 'ಸಂಜೆ ಐದು. ಇವನು ಈಗ ಕೊಟ್ಟಿಗೆಯಲ್ಲಿರಬೇಕು.' ಮೂವತ್ತೊಂದರಲ್ಲಿ, ಕರು ಹುಟ್ಟಿದ ಮಾರನೆ ದಿನ ಅವಳು ಹಾಲು ಮಾರಲು ಹೋದರೆ: 'ಇದು ಗಿಣ್ಣು ಹಾಲು. ಡೈರಿಯವರು ತಗೊಳ್ಳಲ್ಲ.'

ಪುಸ್ತಕ ಮುಚ್ಚಿದೆ. ಮುಚ್ಚಿ ಬ್ಯಾಗಿನ ತಳಕ್ಕೆ ತುರುಕಿದೆ.

ಮುಂದಿನ ಗುರುವಾರ ಮತ್ತೆ ಬಂದ. ಬಸ್ ಸ್ಟಾಂಡಿನ ಕಬ್ಬಿನ ಹಾಲಿನ ಅಂಗಡಿ ಮುಂದೆ ನಿಂತೆವು. ಮನೆಯಲ್ಲಿ ಕೊಪ್ಪರಿಗೆಗಟ್ಟಲೆ ಕಬ್ಬಿನ ಹಾಲು ಕಾಯಿಸುವವನು ಒಂದು ಲೋಟ ಹಿಡಿದು ಸುಮ್ಮನೆ ನೋಡುತ್ತಿದ್ದ.

"ಓದುದ್ರಾ?"

"ಓದ್ದೆ. ಹಸು ವಿಷಯ ತಾನೆ?"

"ಅದೂ ಅದೆ." ಲೋಟ ತಿರುಗಿಸಿದ. "ಪೂರ್ತಿ ನೋಡುದ್ರಾ?"

"ಪೂರ್ತಿ ನೋಡೋಕೆ ಅದೇನು ಪರೀಕ್ಷೆನಾ?"

ಅವನ ಮುಖ ಇಳಿಯಿತು. ನನಗೆ ಯಾಕೆ ಅಂತ ತಿಳಿಯಲಿಲ್ಲ. "ಸರಿ. ನಿಧಾನುಕ್ಕೆ ನೋಡಿ, ಅವ್ಸರ ಇಲ್ಲ. ಇನ್ನೊಂದು ಪುಸ್ತಕ ಇದ್ರೆ ಕೊಡಿ" ಅಂದ. ಒಂದು ಸಸ್ಪೆನ್ಸು ಕೊಟ್ಟೆ. ಮೂರೇ ದಿನಕ್ಕೆ ಮುಗಿಸಿ ತಂದ. ಒಂದೇ ಒಂದು ಕಡೆ ಬರೆದಿದ್ದ: 'ಕೊಲೆಗಾರ ಒಳಗಿದ್ದಾನೆ ಅಂತ ಗೊತ್ತಿದ್ದೂ ಪೊಲೀಸು ಒಬ್ಬನೇ ಯಾಕೆ ಹೋದ?' ಆವತ್ತೂ ಹೋಗುವಾಗ ತಿರುಗಿ ನೋಡಿದ, ಏನೋ ಕೇಳುವವನ ಹಾಗೆ. ಕೇಳಲಿಲ್ಲ. ನನಗೆ ಅವನನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಅಷ್ಟೇ ಬಲವಾಗಿ, ಅವನ ಅಂಗಿಯ ತೋಳಿಗೆ ಮೆತ್ತಿದ್ದ ಬೆಲ್ಲ ಒರೆಸಬೇಕು ಅಂತಲೂ ಅನ್ನಿಸಿತು. ಸಿಟ್ಟು ಬಂದದ್ದು ಅದಕ್ಕೇ.

ನಮ್ಮ ಕಡೆ ಹೆಣ್ಣು ನೋಡಿ ಹೋದ ಮೇಲೆ ಗಂಡಿನ ಕಡೆಯವರು ಎಂಟು ದಿನದೊಳಗೆ ಹೇಳಿ ಕಳಿಸಬೇಕು. ಬೇಡ ಅಂತ ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಸುಮ್ಮನಿದ್ದರೆ ಬೇಡ ಅಂತಲೇ. ಮೂರು ವಾರವಾಯಿತು. ಸಂಬಂಧ ತಂದಿದ್ದ ಮರಿಯಯ್ಯ ಮಾವ ತಲೆ ಕೆರೆದುಕೊಂಡು ಬಂದರು.

"ಅವ್ರಪ್ಪನ್ನೇ ಕೇಳ್ದೆ ಕಣವ್ವ. ಉಡ್ಗ ಏನೂ ಯೋಳಲ್ಲ, ಸುಗ್ಗಿ ಕಳೀಲಿ ಅಂತಾನೆ ಅಂದ್ರು. ಇಷ್ಟ ಇಲ್ಲ ಅಂತ ಕಾಣ್ತದೆ."

"ಇಷ್ಟ ಇಲ್ದೆ ಬಸ್ ಸ್ಟಾಂಡಿಗೆ ಯಾಕ್ ಬತ್ತಾನೆ?" ಅಂದಳು ಅಮ್ಮ.

"ಪುಸ್ತಕುಕ್ಕೆ" ಅಂದೆ ನಾನು.

ಮಾವ ಇನ್ನೊಂದು ಗಂಡು ನೋಡಿಯೇ ಬಂದಿದ್ದರು. ನಾಗಮಂಗಲದ ಹೈಸ್ಕೂಲ್ ಮೇಷ್ಟ್ರು, ಭಾನುವಾರ ಬರುವವರು. ಅಮ್ಮ ನನ್ನ ಮುಖ ನೋಡಿದಳು. ಬರಲಿ ಅಂದೆ. ಕಾಯುವುದಕ್ಕೂ ಒಂದು ಅಳತೆ ಇರಬೇಕಲ್ಲ.

ಶನಿವಾರ ಪಾಲಹಳ್ಳಿಗೆ ಹೋಗಿ ಆರೋಗ್ಯಮ್ಮ ಸಿಸ್ಟರಿಗೆ ಎರಡೂ ಪುಸ್ತಕ ಕೊಟ್ಟೆ. "ಗೀಚಿಬಿಟ್ಟವ್ರೆ ಸಿಸ್ಟರ್, ಬೇಜಾರು ಮಾಡ್ಕೋಬೇಡಿ. ಅಳಿಸಿ ಕೊಡ್ತೀನಿ" ಅಂದು ರಬ್ಬರು ತೆಗೆದೆ.

"ತಡಿ ಮಗ." ಅವರು ಕನ್ನಡಕ ಏರಿಸಿ ಓದುತ್ತಾ ಹೋದರು. ಗಿಣ್ಣು ಹಾಲಿನ ಕಡೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಲವತ್ತು ವರ್ಷದಿಂದ ಓದ್ತಿದೀನಿ, ನಂಗ್ ಹೊಳೀಲೇ ಇಲ್ವಲ್ಲ." ನಾನು ಅವರ ಒಲೆಯಲ್ಲಿ ಕಾಫಿಗೆ ಇಟ್ಟೆ. ಕಾಫಿ ಸೋಸುವ ಹೊತ್ತಿಗೆ ಹಿಂದಿನಿಂದ ನಗು ನಿಂತುಹೋಗಿತ್ತು.

"ಸಹನ, ರಬ್ಬರು ಒಳಗಿಡು" ಅಂದರು. "ಇದು ನಿಂಗೆ ಬರ್ದಿರದು."

ಇನ್ನೂರ ಹನ್ನೆರಡನೇ ಪುಟ. ಆ ಸಾದಾ ಜನರ ಪದ್ಧತಿಯನ್ನು ಅಲ್ಲಿ ಹೇಳಿದೆ. ಮದುವೆಗೆ ಒಪ್ಪಿಕೊಂಡ ಹುಡುಗ ಹುಡುಗಿ ಅಪ್ಪ ಅಮ್ಮನಿಗೂ ಬಾಯಿಬಿಡುವುದಿಲ್ಲ. ಸುಗ್ಗಿ ಮುಗಿದ ಮೇಲೆ ಭಾನುವಾರದ ಪ್ರಾರ್ಥನೆಯಲ್ಲಿ ಹಿರಿಯರು ಎಲ್ಲರೆದುರು ಹೇಳುತ್ತಾರೆ. ಅಲ್ಲಿಯವರೆಗೆ ಗುಟ್ಟು ಇಬ್ಬರದೇ. ಪಕ್ಕದ ಬಿಳಿ ಜಾಗದಲ್ಲಿ ಒತ್ತಿ ಬರೆದಿದ್ದ ಪೆನ್ಸಿಲ್ ಅಕ್ಷರ:

'ಇದು ಒಳ್ಳೆ ಪದ್ಧತಿ. ನಿಮಗೆ ಇಂಥದ್ದೇ ಇಷ್ಟ ಅಂತ ನಾಲ್ಕು ಸಲ ಓದಿದ್ದರಲ್ಲೇ ಗೊತ್ತಾಯಿತು. ನನಗೆ ನೀವು ಒಪ್ಪಿಗೆ. ತಾರಸಿ ಮೇಲೇ ಒಪ್ಪಿಗೆ. ಯಾರಿಗೂ ಹೇಳಿಲ್ಲ, ಅಪ್ಪ ಕೇಳಿದರೂ ಹೇಳಲ್ಲ. ನಿಮಗೂ ಒಪ್ಪಿಗೆಯಿದ್ದರೆ ಇದರ ಕೆಳಗೆ ಬರೆದು ಕೊಡಿ. ರವೀಂದ್ರ.'

ಕೆಳಗೆ ನಾಲ್ಕು ಸಾಲಿನಷ್ಟು ಜಾಗ ಬಿಟ್ಟಿದ್ದ. ಆ ಜಾಗ ನನ್ನ ಬ್ಯಾಗಿನ ತಳದಲ್ಲಿ, ಟಿಫನ್ ಡಬ್ಬಿಯ ಕೆಳಗೆ, ಹನ್ನೊಂದು ದಿನ ಖಾಲಿ ಕೂತಿತ್ತು.

"ಕಾಫಿ ಕುಡ್ಕೊಂಡ್ ಹೋಗು" ಅಂದರು ಸಿಸ್ಟರ್. ಲೋಟ ಅವರ ಕೈಗಿಟ್ಟು, ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಸ್ಸಿಗೆ ಓಡಿದೆ.

ಕ್ಯಾತನಹಳ್ಳಿಯ ಆಲೆಮನೆಯ ಹೊಗೆ ರಸ್ತೆಗೇ ಕಾಣುತ್ತಿತ್ತು. ಒಳಗೆ ಇಣುಕಿದರೆ ರವೀಂದ್ರ ಲುಂಗಿ ಮಡಚಿ ಕಟ್ಟಿ, ತಲೆಗೆ ಟವೆಲ್ ಸುತ್ತಿ, ಕೊಪ್ಪರಿಗೆಯ ಮುಂದೆ ನಿಂತಿದ್ದಾನೆ. ಬಾಗಿಲಲ್ಲಿ ಚಿಕ್ಕಸ್ವಾಮಿಯವರು ಅಚ್ಚುಗಳಿಗೆ ನೀರು ಚಿಮುಕಿಸುತ್ತಿದ್ದವರು ನನ್ನನ್ನು ನೋಡಿ ಎದ್ದೇಬಿಟ್ಟರು.

"ಬಾ ಮಗ. ಏನು, ಯಾರ್ಗಾರ ಉಷಾರಿಲ್ವಾ?"

"ನಿಮ್ಮ ಮಗನ ಹತ್ರ ಮಾತಾಡ್ಬೇಕು."

ಅವನು ತಿರುಗಿ ನೋಡಿದ. ನನ್ನನ್ನೂ ನೋಡಿದ, ಕಂಕುಳಲ್ಲಿದ್ದ ಪುಸ್ತಕವನ್ನೂ ನೋಡಿದ. ಹಿಡಿದಿದ್ದ ಸೌಟು ಅಲ್ಲೇ ನಿಂತಿತು. ನಾನು ಬಾಯಿ ತೆಗೆದೆ.

"ಎರಡು ನಿಮ್ಸ" ಅಂದ. "ಪಾಕ ಬಂದದೆ."

ನಾಳೆ ನನ್ನನ್ನು ನೋಡಲು ಮೇಷ್ಟ್ರು ಬರುತ್ತಾರೆ. ಇವನಿಗೆ ಪಾಕ ಬಂದಿದೆ. ಒಂದು ಹನಿ ನೀರಿಗೆ ಹಾಕಿ ಬೆರಳಲ್ಲಿ ಉರುಟಿ ನೋಡಿದ, ತಲೆಯಾಡಿಸಿದ, ಮತ್ತೆ ತಿರುವಿದ. ನಾನು ಕಬ್ಬಿನ ಹೊರೆಯ ಮೇಲೆ ಕೂತೆ. ಎರಡು ನಿಮಿಷ ಹೋಗಿ ಇಪ್ಪತ್ತಾಯಿತು. ಕೊಪ್ಪರಿಗೆ ಇಳಿಸಿ, ಬೆಲ್ಲವನ್ನೆಲ್ಲ ಅಚ್ಚಿಗೆ ಹೊಯ್ದು, ಕೈ ತೊಳೆದು, ಅದನ್ನು ಮತ್ತೆ ಟವೆಲಿಗೆ ಒರೆಸಿಕೊಂಡು ಬಂದ.

"ಅವಾಗ್ಲೇ ಬಂದಿದ್ರೆ ಸೀದೋಗದು" ಅಂದ.

"ಇಲ್ಲಿ ಸೀದು ಹೋಗಿರೋದು ನಾನು. ಬಾಯಲ್ಲಿ ಹೇಳೋಕೆ ಏನಾಗಿತ್ತು ನಿಮ್ಗೆ?"

"ಪುಸ್ತಕ್ದಲ್ಲಿ ಯಾರೂ ಬಾಯಲ್ಲಿ ಯೋಳಲ್ವಲ್ಲ."

"ಅದು ಅವರ ಊರು. ನಮ್ಮೂರಲ್ಲಿ ಎಂಟು ದಿನ ಸುಮ್ನಿದ್ರೆ ಬೇಡ ಅಂತ ಅರ್ಥ. ನಿಮ್ಗೆ ಗೊತ್ತಿಲ್ವಾ?"

ಅವನು ಟವೆಲನ್ನು ಹೆಗಲಿಗೆ ಹಾಕಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ. "ಗೊತ್ತು. ನೀವು ಹನ್ನೊಂದು ದಿನ ಸುಮ್ನಿದ್ರಲ್ಲ, ನಾನೂ ಅಂಗೇ ಅನ್ಕಂಡೆ."

ಅವನ ಕಣ್ಣ ಕೆಳಗಿನ ಕಪ್ಪು ನನಗೆ ಆಗ ಕಾಣಿಸಿತು. ನಿದ್ದೆಗೆಟ್ಟ ಮುಖ ಗುರುತಿಸುವುದು ನನ್ನ ದಿನದ ಕೆಲಸ. ಇದೊಂದನ್ನು ಬಿಟ್ಟು ಉಳಿದೆಲ್ಲ ಗುರುತಿಸಿದ್ದೆ.

"ನಾನು ಮೂವತ್ತೊಂದನೇ ಪುಟಕ್ಕೇ ಮುಚ್ಚಿಟ್ಟಿದ್ದೆ" ಅಂದೆ. "ಗಿಣ್ಣು ಹಾಲಿಗೆ."

ಅವನು ನಗು ತಡೆಯಲು ನೋಡಿದ, ಆಗಲಿಲ್ಲ. "ಆದ್ರೂ ಅದು ಗಿಣ್ಣು ಹಾಲೇ."

"ಪೆನ್ಸಿಲ್ ಕೊಡಿ."

ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ತುಂಡು ಪೆನ್ಸಿಲ್ ಕೊಟ್ಟ. ಬೆರಳು ತಗುಲಿತು. ಬೆಲ್ಲದ ಬಿಸಿ ಇನ್ನೂ ಇತ್ತು. ಪುಸ್ತಕವನ್ನು ಮೊಣಕಾಲ ಮೇಲಿಟ್ಟು, ಅವನು ಬಿಟ್ಟಿದ್ದ ಜಾಗದಲ್ಲಿ ಬರೆದೆ: 'ಒಪ್ಪಿಗೆ. ನನಗೂ ತಾರಸಿ ಮೇಲೇ. ಆದರೆ ಗುಟ್ಟು ಬೇಡ. ಈಗಲೇ ನಿಮ್ಮಪ್ಪನಿಗೆ ಹೇಳಿ.'

ಅವನು ಓದಿದ. ಒಂದು ಸಲ ಅಲ್ಲ.

"ಏನ್ಲಾ ಅದು, ಅಷ್ಟೊತ್ತಿಂದ ಓದ್ತಾ ನಿಂತಿದ್ದೀಯ?" ಚಿಕ್ಕಸ್ವಾಮಿಯವರು ಕೂಗಿದರು.

"ಮದ್ವೆ ವಿಷ್ಯ ಕಣಪ್ಪ."

"ಯಾರ್ದು?"

"ನಮ್ದು."

ಅವರು ಮಗನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಲೇ, ಮೂರು ವಾರದಿಂದ ನಾನು ಕೇಳ್ದಾಗ ಬಾಯಲ್ಲಿ ಏನ್ ಇಟ್ಕಂಡಿದ್ದೆ ನೀನು?" ಅಂದು, ಉತ್ತರಕ್ಕೆ ಕಾಯದೆ, ಒಂದು ಎಲೆಯ ಮೇಲೆ ಬಿಸಿ ಬೆಲ್ಲ ಹಾಕಿ ನನ್ನ ಮುಂದಿಟ್ಟರು. ಅಲ್ಲಿಂದಲೇ ಮರಿಯಯ್ಯ ಮಾವನಿಗೆ ಫೋನು ಮಾಡಿ ಮೇಷ್ಟ್ರನ್ನು ಬರಬೇಡಿ ಅನ್ನಿಸಿದ್ದೂ ಅವರೇ.

ಪುಸ್ತಕವನ್ನು ಆರೋಗ್ಯಮ್ಮ ಸಿಸ್ಟರ್ ವಾಪಸ್ ತಗೊಳ್ಳಲಿಲ್ಲ. ಅವತ್ತು ರಾತ್ರಿ ಕೊನೆಯವರೆಗೂ ಓದಿದೆ. ಕೊನೇ ಪುಟದಲ್ಲಿ, ಆ ಹುಡುಗ ಹುಡುಗಿಯ ಮದುವೆ ಊಟ ಮುಗಿದ ಕಡೆ, ಅವನು ಬರೆದಿದ್ದ: 'ಚೆನ್ನಾಗಾಯಿತು. ಆದರೆ ಆವತ್ತು ಸಂಜೆ ಹಾಲು ಕರೆದವರು ಯಾರು?'

ಸುಗ್ಗಿ ಕಳೆದ ಮೇಲೆ ನಮ್ಮ ಮದುವೆ. ಸಂಜೆ ಕ್ಯಾತನಹಳ್ಳಿಯ ಮನೆ ಮುಂದೆ ಶಾಮಿಯಾನ, ಆರತಕ್ಷತೆ, ಜನ ಸಾಲಾಗಿ ನಿಂತಿದ್ದಾರೆ. ಐದು ಗಂಟೆಗೆ ನೋಡಿದರೆ ನನ್ನ ಪಕ್ಕದ ಕುರ್ಚಿ ಖಾಲಿ. ಫೋಟೋದವನು ಹುಡುಕಿದ, ಮರಿಯಯ್ಯ ಮಾವ ಹುಡುಕಿದರು, ಅಮ್ಮ ಗಾಬರಿಯಾಗಿ ನನ್ನ ಕೈ ಹಿಡಿದಳು.

ನಾನು ರೇಷ್ಮೆ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಹಿತ್ತಲ ಕೊಟ್ಟಿಗೆ ಕಡೆ ನಡೆದೆ.

ಬಾಸಿಂಗದ ಗುರುತು ಅವನ ಹಣೆಯಲ್ಲಿ ಹಾಗೇ ಇತ್ತು. ಕುಕ್ಕರಗಾಲಲ್ಲಿ ಕೂತು ಕೆಂದ ಹಸುವಿನ ಕೆಚ್ಚಲು ತೊಳೆಯುತ್ತಿದ್ದವನು ತಲೆ ಎತ್ತಿದ, ಸಿಕ್ಕಿಬಿದ್ದವನಂತೆ.

"ಎರಡೇ ನಿಮ್ಸ" ಅಂದ.

ಇನ್ನೊಂದು ಬಕೆಟ್ಟು ಎಲ್ಲಿದೆ ಅಂತ ಕೇಳಿದೆ.