ಖಾಲಿ ಚೀಲದ ತೂಕ

ಮನುಷ್ಯ ಎಲ್ಲಿಂದ ಬಂದ, ಏನು ತಿಂದು ಉಳಿದ ಅಂತ ಗೊರೊಕಾ ಊರಿನ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಪಾಠ ಹೇಳೋದು ನನ್ನ ಕೆಲಸ. ದೆವ್ವ ಗಿವ್ವ ನನ್ನ ಸಿಲಬಸ್ಸಿನಲ್ಲಿಲ್ಲ. ಆದರೂ ಪಕ್ಕದ ಹಳ್ಳಿಯ ಜೋಸೆಫಿನ್ ಮನೆಯ ಚೀಲ ನನ್ನ ತಲೆ ತಿಂತಾ ಇದೆ.

ಪ್ರತಿ ಸೋಮವಾರ ಬೆಳಿಗ್ಗೆ ಕ್ಲಾಸಿನ ಹುಡುಗರ ಜೊತೆ ಹೋಗಿ, ಜನ ಎಷ್ಟು ತಿಂತಾರೆ ಅಂತ ಲೆಕ್ಕ ಹಾಕೋಕೆ ಆ ಮನೆಯವರು ಬೇಯಿಸೋ ಗೆಣಸು ತೂಗ್ತೀವಿ. ಜೋಸೆಫಿನ್ ಹೆಣೆದ ನೂಲಿನ ಚೀಲವನ್ನೇ ತಕ್ಕಡಿಯ ಕೊಕ್ಕೆಗೆ ಹಾಕೋದು. ಹಿಂದೆ ಅವಳು ಕೂಸುಗಳನ್ನು ಮಲಗಿಸಿ ಹೊರುತ್ತಿದ್ದದ್ದೂ ಅದರಲ್ಲೇ. ಈಗ ಕಿರಿಮಗನಿಗೇ ಒಂಬತ್ತು ವರ್ಷ.

ಮೊದಲು ಖಾಲಿ ಚೀಲ ತೂಗಬೇಕು. ಕಾಲು ಕಿಲೋ ಕೂಡ ಇರದ ಚೀಲ ಒಂದು ಸೋಮವಾರ ಮೂರು ಕಿಲೋ ತೋರಿಸಿತು.

"ಯಾವನೋ ಅದು ಚೀಲ ಎಳೀತಿರೋದು? ಕೈ ತೆಗೀರೋ!" ಅಂತ ರೇಗಿದೆ.

"ಯಾರೂ ಮುಟ್ಟಿಲ್ಲ ಸಾರ್, ನೀವೇ ನೋಡಿ," ಅಂದ ಕಿಯಾಗೆ ಅನ್ನೋ ಹುಡುಗ.

ಚೀಲ ಕೊಡವಿದೆ. ಏನೂ ಬೀಳಲಿಲ್ಲ. ತಳ ಮಾತ್ರ ಬೆಚ್ಚಗಿತ್ತು. ಬೇರೆ ತಕ್ಕಡಿ ತರಿಸಿದೆ. ಅದರಲ್ಲೂ ಮೂರೇ.

ಜೋಸೆಫಿನ್ ಒಲೆ ಮುಂದಿನಿಂದ ಏಳದೆ ಕೇಳಿದಳು: "ಎಷ್ಟಾಯ್ತು ಮೇಷ್ಟ್ರೇ?"

"ಎಷ್ಟೂ ಇಲ್ಲ ಕಣಮ್ಮ, ತಕ್ಕಡಿ ಕೆಟ್ಟಿದೆ!"

"ಕೆಟ್ಟಿಲ್ಲ. ಬರ್ಕೊಳ್ಳಿ."

ಸಿಟ್ಟಿನಲ್ಲೇ ಬರೆದುಕೊಂಡೆ. ಮುಂದಿನ ಸೋಮವಾರ ಮೂರೂಕಾಲು. ಅದರ ಮುಂದಿನದು ಮೂರೂವರೆ. ಹೀಗೇ ಹನ್ನೊಂದು ವಾರ. ಕಿಯಾಗೆ ಆ ಅಂಕಿಗಳನ್ನು ಕೂಸುಗಳ ಬೆಳವಣಿಗೆಯ ನಕ್ಷೆಯ ಮೇಲೆ ಗುರುತು ಮಾಡಿ ತಂದ. ಒಂದು ಚುಕ್ಕಿಯೂ ಗೆರೆ ಬಿಟ್ಟು ಆಚೀಚೆ ಇರಲಿಲ್ಲ. ನನ್ನ ಹತ್ರ ತರಬೇಡ ಅಂತ ಬೈದು ಕಳಿಸಿದೆ.

ಈ ಸೋಮವಾರ ಐದೂಮುಕ್ಕಾಲು ಕಿಲೋ. ಚೀಲವನ್ನು ಕೊಕ್ಕೆಯಿಂದ ಬಿಡಿಸುತ್ತಿದ್ದೆ. "ಚೀಲದ ತಳಕ್ಕೆ ಕೈ ಕೊಡಿ ಮೇಷ್ಟ್ರೇ!" ಅಂತ ಜೋಸೆಫಿನ್ ಗದರಿದಳು.

ಕೊಟ್ಟೆ.